ಪಹಣಿ, ಸಿಂಪ್ಯೂಟರ್ ಮತ್ತು ಬಳಕೆದಾರನ ಹಕ್ಕು

ರಾಮನಗರ: ಪಹಣಿಯನ್ನು ಕೈಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ರೈತನ ಜಮೀನಿನ ವಿವರ ಗ್ರಾಮ ಲೆಕ್ಕಿಗರ ಪುಸ್ತಕದಲ್ಲಿರುತ್ತಿತ್ತು. ಆ ಪುಸ್ತಕ ಕೈಗೆ ಸಿಗುವುದು ಕಷ್ಟವಾಗಿತ್ತು. ಸಿಕ್ಕರೆ ಮಾತ್ರ ಅಕ್ಷರ ಬಲ್ಲ ಯಾರು ಬೇಕಾದರೂ ಓದಬಹುದಿತ್ತು.

ಕಂದಾಯ ಇಲಾಖೆಯ ‘ಭೂಮಿ’ ಯೋಜನೆ ಈ ಪದ್ಧತಿಯನ್ನು ಬದಲಿಸಿತು. ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. ಆಗ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿದ್ದ, 2007ರಲ್ಲಿ ಪ್ರತ್ಯೇಕ ಜಿಲ್ಲೆಯಾದ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೇರಿದಂತೆ ರಾಜ್ಯದ 177 ತಾಲ್ಲೂಕುಗಳಲ್ಲಿ 2002ರ ವೇಳೆಗೆ ಭೂಮಿ ಕೇಂದ್ರಗಳು ಆರಂಭವಾದವು. 15 ರೂಪಾಯಿ ಕೊಟ್ಟವರಿಗೆ ಮುದ್ರಿತ ಪಹಣಿ ದೊರೆಯತೊಡಗಿತು. ಕೈಬರಹದ ಪಹಣಿಯ ಮಾನ್ಯತೆ ರದ್ದಾಯಿತು.

ರೈತನಿಗೆ ಇದರಿಂದ ಆದ ಅನುಕೂಲ ಸಣ್ಣದಲ್ಲ. ಆದರೆ ಪುಸ್ತಕದ ಜಾಗಕ್ಕೆ ಬಂದದ್ದು ಬೆರಳೆಣಿಕೆಯ ತಜ್ಞರು ಮಾತ್ರ ಓದಬಲ್ಲ ತಂತ್ರಾಂಶ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ರೂಪಿಸಿದ ಆ ತಂತ್ರಾಂಶ ನಡೆಯುತ್ತಿದ್ದುದು ಮೈಕ್ರೊಸಾಫ್ಟ್ ಸಂಸ್ಥೆಯ ವಿಂಡೋಸ್ ಮೇಲೆ. ಅದರ ಮೂಲ ಸಂಕೇತವನ್ನು ನೋಡುವ ಅಧಿಕಾರ ಬಳಕೆದಾರನಿಗಿಲ್ಲ.

ಸ್ವತಂತ್ರ ತಂತ್ರಾಂಶ ಚಳವಳಿ ಎತ್ತಿದ ಪ್ರಶ್ನೆಯೂ ಇದೇ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಬಳಸುವ, ಒಳಗನ್ನು ಪರಿಶೀಲಿಸಿ ತಿದ್ದುವ, ಪ್ರತಿ ಮಾಡಿ ಹಂಚುವ, ತಿದ್ದಿದ್ದನ್ನೂ ಹಂಚುವ ಸ್ವಾತಂತ್ರ್ಯ ಬಳಕೆದಾರನಿಗಿರಬೇಕು ಎಂಬುದು ಅವರ ವಾದ. ಇಂಗ್ಲಿಷಿನ ‘ಫ್ರೀ’ ಎಂಬ ಒಂದೇ ಪದ ಬಿಟ್ಟಿ, ಸ್ವತಂತ್ರ ಎಂಬ ಎರಡೂ ಅರ್ಥ ಕೊಟ್ಟು ಗೊಂದಲ ಹುಟ್ಟಿಸುತ್ತದೆ. ಕನ್ನಡಕ್ಕೆ ಆ ತೊಡಕಿಲ್ಲ. ಉಚಿತ ಬೇರೆ, ಸ್ವತಂತ್ರ ಬೇರೆ.

ಬೆಂಗಳೂರಿನ ಪ್ರಯೋಗ

ಈ ಸ್ವಾತಂತ್ರ್ಯವನ್ನು ಯಂತ್ರಾಂಶಕ್ಕೂ ವಿಸ್ತರಿಸುವ ಗಮನಾರ್ಹ ಪ್ರಯತ್ನವೊಂದು ರಾಜ್ಯದಲ್ಲೇ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ ಮೊದಲಾದವರು 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಸ್ಥಾಪಿಸಿ, 2001ರ ಏಪ್ರಿಲ್‌ನಲ್ಲಿ ಅಂಗೈಯಗಲದ ಗಣಕವನ್ನು ಪ್ರದರ್ಶಿಸಿದರು. ಲಿನಕ್ಸ್ ಆಧಾರಿತವಾಗಿದ್ದ ಅದಕ್ಕೆ ಕೀಲಿಮಣೆ ಇರಲಿಲ್ಲ, ಸ್ಪರ್ಶ ಪರದೆ ಇತ್ತು. ಅಕ್ಷರ ಬಾರದವರಿಗಾಗಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಪಠ್ಯವನ್ನು ಧ್ವನಿಯಾಗಿಸುವ ಸೌಲಭ್ಯವನ್ನು ರೂಪಿಸಲಾಯಿತು. ಊರಿಗೊಂದು ಸಿಂಪ್ಯೂಟರ್ ಇದ್ದರೂ ಪ್ರತಿಯೊಬ್ಬರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡ್‌ನಲ್ಲೇ ಉಳಿಯಬೇಕೆಂಬುದು ಯೋಜನೆಯಾಗಿತ್ತು. ಯಂತ್ರ ಎಲ್ಲರದು, ಮಾಹಿತಿ ಅವರವರದು.

ಇನ್ನೂ ಮುಖ್ಯವಾದದ್ದು ಅದರ ಪರವಾನಗಿ. ಗ್ನೂ ಪರವಾನಗಿಯ ಮಾದರಿಯಲ್ಲಿ ‘ಸಿಂಪ್ಯೂಟರ್ ಸಾರ್ವಜನಿಕ ಪರವಾನಗಿ’ಯನ್ನು ರಚಿಸಿ ಯಂತ್ರದ ವಿನ್ಯಾಸವನ್ನೇ ಅದರಡಿ ತರಲಾಯಿತು. ಕಲಿಯಲು, ಪ್ರಯೋಗಕ್ಕೆ ಬಳಸಲು ಶುಲ್ಕವಿರಲಿಲ್ಲ. ತಯಾರಿಸಿ ಮಾರುವ ಕಂಪನಿ ಮಾತ್ರ ಒಂದು ಬಾರಿ ಶುಲ್ಕ ಕೊಡಬೇಕಿತ್ತು. ತಾನು ಮಾಡಿದ ಸುಧಾರಣೆಯನ್ನು ಅದು ಕೆಲಕಾಲ ತನ್ನಲ್ಲೇ ಇಟ್ಟುಕೊಂಡು, ಬಳಿಕ ಎಲ್ಲರಿಗೂ ಬಿಟ್ಟುಕೊಡಬೇಕಿತ್ತು.

ಭೂದಾಖಲೆ ಸಂಗ್ರಹಣೆಗೆ ಕರ್ನಾಟಕ ಸರ್ಕಾರ ಸಿಂಪ್ಯೂಟರನ್ನು ಬಳಸಿದ್ದೂ ಉಂಟು. ಆದರೆ ನಿರೀಕ್ಷಿಸಿದ ಮಾರುಕಟ್ಟೆ ದೊರೆಯಲಿಲ್ಲ. ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದಲ್ಲಿ ಪಿಕೊಪೆಟಾ ಸಂಸ್ಥೆ 2004ರಲ್ಲಿ ಬಿಡುಗಡೆ ಮಾಡಿದ ‘ಅಮಿಡಾ’ದ ಆರಂಭಿಕ ಬೆಲೆಯೇ 10 ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. ಅಷ್ಟರಲ್ಲಿ ಮೊಬೈಲ್ ಅಗ್ಗವಾಗಿತ್ತು. ವಿನ್ಯಾಸವನ್ನು ತೆರೆದಿಟ್ಟದ್ದಕ್ಕಿಂತ ಬೆಲೆಯೇ ಅದರ ಹಿನ್ನಡೆಗೆ ಕಾರಣ ಎನ್ನಬೇಕು.

ಬೀಗ ಹಾಕಿದ ಯಂತ್ರ

ತಂತ್ರಾಂಶ ಸ್ವತಂತ್ರವಾಗಿದ್ದ ಮಾತ್ರಕ್ಕೆ ಯಂತ್ರ ಬಳಕೆದಾರನ ಹಿಡಿತಕ್ಕೆ ಬರುವುದಿಲ್ಲ. ಅಮೆರಿಕದ ಟಿವೊ ಎಂಬ ಟೆಲಿವಿಷನ್ ರೆಕಾರ್ಡರ್‌ನಲ್ಲಿ ಇದ್ದದ್ದು ಲಿನಕ್ಸೇ. ಬಳಕೆದಾರ ಅದನ್ನು ತಿದ್ದಿ ಮತ್ತೆ ಅಳವಡಿಸಿದರೆ ಮಾತ್ರ ಯಂತ್ರ ನಿರಾಕರಿಸುತ್ತಿತ್ತು. ತಯಾರಕರ ಸಹಿ ಇರುವ ತಂತ್ರಾಂಶವನ್ನಷ್ಟೇ ಅದು ಒಪ್ಪುತ್ತಿತ್ತು. ಇದನ್ನು ತಡೆಯುವ ಷರತ್ತುಗಳನ್ನು 2007ರಲ್ಲಿ ಗ್ನೂ ಪರವಾನಗಿಯ ಮೂರನೇ ಆವೃತ್ತಿಗೆ ಸೇರಿಸಲಾಯಿತು. ಲಿನಕ್ಸ್ ತಿರುಳು ಎರಡನೇ ಆವೃತ್ತಿಯಲ್ಲೇ ಉಳಿಯಿತು.

ಆಂಡ್ರಾಯ್ಡ್ ಫೋನಿನೊಳಗಿರುವುದೂ ಅದೇ ತಿರುಳು. ಫೋನ್ ಚಾಲೂ ಆಗುವಾಗ ಮೊದಲು ಎಚ್ಚೆತ್ತುಕೊಳ್ಳುವ ಬೂಟ್‌ಲೋಡರ್ ಎಂಬ ಭಾಗ ಸಾಮಾನ್ಯವಾಗಿ ಬೀಗ ಹಾಕಿಕೊಂಡೇ ಬರುತ್ತದೆ. ಕೆಲವು ಕಂಪನಿಗಳು ಅದನ್ನು ತೆಗೆಯಲು ಅವಕಾಶ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಕಳ್ಳತನ, ವಂಚನೆ ತಡೆಯಲು ಬೀಗ ಬೇಕೆಂಬ ತಯಾರಕರ ಮಾತಿನಲ್ಲಿ ಹುರುಳಿದೆ. ಆದರೆ ಹಣ ಕೊಟ್ಟು ಕೊಂಡವನಿಗೆ ಕೀಲಿ ಏಕಿಲ್ಲ ಎಂಬುದಕ್ಕೆ ಅದು ಉತ್ತರವಾಗುವುದಿಲ್ಲ.

2020ರ ಮುಂಗಾರಿನಲ್ಲಿ ರಾಜ್ಯದ ರೈತರೇ ತಮ್ಮ ಬೆಳೆಯ ವಿವರವನ್ನು ಮೊಬೈಲ್ ಆ್ಯಪ್ ಮೂಲಕ ದಾಖಲಿಸುವ ವ್ಯವಸ್ಥೆ ಬಂತು. ಮಾಗಡಿಯ ರಾಗಿಯಾಗಲಿ, ರಾಮನಗರದ ಹಿಪ್ಪುನೇರಳೆಯಾಗಲಿ, ಬೆಳೆಯ ದಾಖಲೆ ಫೋನಿನ ಮೂಲಕ ಸಾಗುವ ಕಾಲವಿದು. ಕೆಲವು ವರ್ಷಗಳ ನಂತರ ಕಂಪನಿ ಹೊಸ ಆವೃತ್ತಿ ಕೊಡುವುದನ್ನು ನಿಲ್ಲಿಸುತ್ತದೆ. ಆ ಹಳೆಯ ಆವೃತ್ತಿಯಲ್ಲಿ ಆ್ಯಪ್ ನಡೆಯದಿದ್ದರೆ, ಬೀಗ ತೆಗೆದು ಬೇರೆ ತಂತ್ರಾಂಶ ಹಾಕಿಕೊಳ್ಳಲಾಗದ ರೈತ, ಪರದೆ, ಬ್ಯಾಟರಿ ಎರಡೂ ಸರಿಯಿರುವ ಫೋನನ್ನು ಬದಿಗಿಟ್ಟು ಹೊಸದನ್ನು ಕೊಳ್ಳಬೇಕಾಗುತ್ತದೆ.