ಆರ್‌ಟಿಡಿ ಮಾಡ್ಯೂಲ್

ಆರ್‌ಟಿಡಿ ಎಂಬ ತಾಪ ಸಂವೇದಕದೊಳಗಿನ ಲೋಹದ ತಂತಿಯ ವಿದ್ಯುತ್ ರೋಧವನ್ನು ಅಳೆದು, ಅದನ್ನು ತಾಪಮಾನದ ಅಂಕಿಯಾಗಿಸಿ ಪಿಎಲ್‌ಸಿ ಅಥವಾ ಡಿಸಿಎಸ್ ನಿಯಂತ್ರಣ ವ್ಯವಸ್ಥೆಗೆ ಕೊಡುವ ಘಟಕ. ರಾಯಚೂರು ಜಿಲ್ಲೆಯಲ್ಲಿ ಇಂಥ ಅಳತೆ ಎರಡು ಬಗೆಯ ಕಡೆ ಬೇಕಾಗುತ್ತದೆ: ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಂಥ ದೊಡ್ಡ ಸ್ಥಾವರದಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತವನ್ನು ನಂಬಿದ ಮಾನ್ವಿ, ಸಿಂಧನೂರು ಸೀಮೆಯ ರೈಸ್‌ಮಿಲ್ಲುಗಳಂಥ ಚಿಕ್ಕ ಕಾರ್ಖಾನೆಗಳಲ್ಲಿ.

ಬಿಸಿಯಾದಂತೆ ಲೋಹದ ರೋಧ ಏರುತ್ತದೆ. ಪ್ಲಾಟಿನಂ ತಂತಿಯಿಂದ ತಾಪ ಅಳೆಯುವ ವಿಚಾರವನ್ನು ವಿಲಿಯಂ ಸೀಮೆನ್ಸ್ 1871ರಲ್ಲಿ ಮಂಡಿಸಿದ; ನಂಬಿ ಬಳಸುವಷ್ಟು ಅದನ್ನು ಪಳಗಿಸಿದವನು ಹ್ಯೂ ಕ್ಯಾಲೆಂಡರ್. ಇಂದು ಹೆಚ್ಚು ಬಳಕೆಯಲ್ಲಿರುವ ಪಿಟಿ-100 ಸಂವೇದಕದ ರೋಧ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಓಮ್, 100 ಡಿಗ್ರಿಯಲ್ಲಿ 138.51 ಓಮ್. ಅಂದರೆ ಒಂದು ಡಿಗ್ರಿಗೆ ಓಮ್‌ನ ಅರ್ಧವೂ ಇಲ್ಲ. ಮಾಡ್ಯೂಲ್ ಸಾಮಾನ್ಯವಾಗಿ ಒಂದು ಮಿಲಿ ಆಂಪಿಯರ್ ಅಥವಾ ಅದಕ್ಕೂ ಕಡಿಮೆ ವಿದ್ಯುತ್ ಹರಿಸಿ ವೋಲ್ಟೇಜ್ ಓದುತ್ತದೆ. ಹೆಚ್ಚು ಹರಿಸಿದರೆ ಸಂವೇದಕವೇ ಬಿಸಿಯಾಗಿಬಿಡುತ್ತದೆ.

ನಿಜವಾದ ಕಷ್ಟ ಕೇಬಲ್ಲಿನದು. 1.5 ಚದರ ಮಿಲಿಮೀಟರ್ ತಾಮ್ರದ ತಂತಿ ನೂರು ಮೀಟರ್ ಹೋಗಿ ಬರುವುದರಲ್ಲಿ ಸುಮಾರು 2.4 ಓಮ್ ಸೇರಿಸುತ್ತದೆ. ಎರಡೇ ತಂತಿಯಲ್ಲಿ ಜೋಡಿಸಿದರೆ ಅಂಕಿ ಆರು ಡಿಗ್ರಿ ಹೆಚ್ಚು ಬರುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಬಿಸಿಲಿಗೆ ಕಾದ ಕೇಬಲ್ ಈ ತಪ್ಪನ್ನು ಇನ್ನಷ್ಟು ಹಿಗ್ಗಿಸುವುದರಿಂದ, ಒಮ್ಮೆ ತಿದ್ದಿಟ್ಟರೂ ಪ್ರಯೋಜನವಿಲ್ಲ. ಮೂರು ತಂತಿಯ ಜೋಡಣೆಯಲ್ಲಿ ಮಾಡ್ಯೂಲ್ ಕೇಬಲ್ಲಿನ ಪಾಲನ್ನು ಕಳೆಯುತ್ತದೆ, ಆದರೆ ತಂತಿಗಳೆಲ್ಲ ಸಮ ಎಂದು ನಂಬಿಕೊಂಡು. ಟರ್ಮಿನಲ್ಲಿನ ಒಂದು ಸ್ಕ್ರೂ ಸಡಿಲವಾಗಿ 0.4 ಓಮ್ ಕೂಡಿದರೂ ಸುಮಾರು ಒಂದು ಡಿಗ್ರಿ ತಪ್ಪು ಬರಬಹುದು. ನಾಲ್ಕು ತಂತಿಯ ಜೋಡಣೆಗೆ ಈ ಹಂಗಿಲ್ಲ; ಖರ್ಚು ಮಾತ್ರ ಹೆಚ್ಚು.

ಕೃಷ್ಣಾ ದಂಡೆಯ ಶಕ್ತಿನಗರ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಇಲ್ಲಿ 210 ಮೆಗಾವ್ಯಾಟ್‌ನ ಏಳು ಘಟಕ, 250ರ ಒಂದು ಘಟಕ ಸ್ಥಾಪನೆಯಾದವು. ಇಂಥ ಘಟಕಗಳಲ್ಲಿ 500 ಡಿಗ್ರಿ ದಾಟಿದ ಉಗಿಯನ್ನು ಅಳೆಯುವುದು ಥರ್ಮೋಕಪಲ್ ಎಂಬ ಬೇರೆ ಬಗೆಯ ಸಂವೇದಕ. ಬೇರಿಂಗ್, ತಂಪುಗೊಳಿಸುವ ನೀರು, ಜನರೇಟರಿನ ಸ್ಟೇಟರ್ ಸುರುಳಿಯಂಥ ಕಡೆ ಆರ್‌ಟಿಡಿಗೆ ಕೆಲಸ. ತಂತಿ ಕಡಿದರೆ ರೋಧ ಅನಂತಕ್ಕೆ ಏರುತ್ತದೆ. ಅದನ್ನು ವಿಪರೀತ ಶಾಖವೆಂದು ಓದಿದರೆ ಓಡುತ್ತಿರುವ ಯಂತ್ರ ಸುಮ್ಮನೆ ಟ್ರಿಪ್ ಆಗಿ ನಿಂತೀತು. ಆದ್ದರಿಂದ ಮಾಡ್ಯೂಲ್ ಕಡಿತವನ್ನು ಬೇರೆಯಾಗಿ ಗುರುತಿಸಿ, ಆ ಚಾನೆಲ್ ಕೆಟ್ಟಿದೆ ಎಂದು ತಿಳಿಸಬೇಕು. ಮೂರು ಸಂವೇದಕ ಇಟ್ಟು ಎರಡರ ಮಾತು ಕೂಡಿದಾಗ ಮಾತ್ರ ಟ್ರಿಪ್ ಮಾಡುವ ಪದ್ಧತಿಯೂ ಉಂಟು.

ತಂತಿ ಕಡಿದದ್ದು ಗೊತ್ತಾಗುತ್ತದೆ. ತೇವ ಗೊತ್ತಾಗುವುದಿಲ್ಲ, ಅದೇ ಹೆಚ್ಚು ಅಪಾಯ. ಭತ್ತವನ್ನು ಬಿಸಿನೀರಲ್ಲಿ ನೆನೆಸಿ ಹಬೆಯಾಡಿಸುವ ಮಿಲ್ಲಿನಲ್ಲಿ ನೀರು 65ರಿಂದ 70 ಡಿಗ್ರಿ ಇದ್ದರೆ ಸಾಕು, ಮೀರಿದರೆ ಕಾಳು ಬಿರಿಯುತ್ತದೆ. ಸಂವೇದಕದ ತಲೆಯೊಳಗೆ ಹಬೆ ನುಸುಳಿ ಟರ್ಮಿನಲ್‌ಗಳ ನಡುವೆ 10,000 ಓಮ್‌ನ ಸೋರಿಕೆ ದಾರಿ ಮಾಡಿಕೊಂಡಿತೆನ್ನಿ. 70 ಡಿಗ್ರಿಯ ನೀರು 66 ಎಂದು ಕಾಣುತ್ತದೆ, ನಿಯಂತ್ರಕ ಇನ್ನಷ್ಟು ಉಗಿ ಬಿಡುತ್ತದೆ, ಎಚ್ಚರಿಕೆಯ ದೀಪ ಹೊತ್ತುವುದೇ ಇಲ್ಲ. ಇಂಥಲ್ಲಿ ದುಬಾರಿ ಮಾಡ್ಯೂಲಿಗಿಂತ ಬಿಗಿಯಾದ ಕೇಬಲ್ ಗ್ಲ್ಯಾಂಡ್ ಹೆಚ್ಚು ಉಪಕಾರಿ.

ಪರೀಕ್ಷೆಗೆ ಸಂವೇದಕ ಬಿಚ್ಚಿ ಬೇಕಾದ ರೋಧ ಕೊಡುವ ಡಿಕೇಡ್ ಪೆಟ್ಟಿಗೆ ಜೋಡಿಸಿ 138.51 ಓಮ್ ಕೊಟ್ಟರೆ ಪರದೆಯ ಮೇಲೆ 100 ಬರಬೇಕು. ಇದರಿಂದ ಮಾಡ್ಯೂಲಿನ ನಿಖರತೆ ಮಾತ್ರ ತಿಳಿಯುತ್ತದೆ. ಸಂವೇದಕವನ್ನು ಪ್ರಮಾಣಿತ ಥರ್ಮಾಮೀಟರ್ ಜೊತೆ ಬಿಸಿ ದ್ರವದ ತೊಟ್ಟಿಯಲ್ಲಿ ಬೇರೆಯಾಗಿಯೇ ನೋಡಬೇಕು.