ಪಕ್ಕದ ಸೀಸೆಯ ನೊಣ

ವಿಟಮಿನ್ ಇ ತಿಂದ ನೊಣ ಹೆಚ್ಚು ದಿನ ಬಾಳುತ್ತದೆ ಎಂಬ ಮಾತಿನ ಬೇರು ಹುಡುಕುತ್ತ ಹೋದರೆ ಡೆನ್ಹ್ಯಾಮ್ ಹಾರ್ಮನ್ ಅವರ 1956ರ ಪ್ರಬಂಧಕ್ಕೆ ಬಂದು ನಿಲ್ಲುತ್ತೇವೆ. ದೇಹ ಆಮ್ಲಜನಕವನ್ನು ಬಳಸುವಾಗ ಹುಟ್ಟುವ ಮುಕ್ತ ರ‍್ಯಾಡಿಕಲ್‌ಗಳು ಜೀವಕೋಶಗಳನ್ನು ಕೆಡಿಸುತ್ತವೆ, ಆ ಹಾನಿ ಕೂಡುತ್ತ ಹೋಗುವುದೇ ಮುಪ್ಪು ಎಂಬುದು ಅವರ ವಾದ. ಹಾಗಾದರೆ ಆ ಹಾನಿ ತಡೆಯುವ ವಿಟಮಿನ್ ಕೊಟ್ಟು ನೋಡೋಣವೆಂದು ಹೊರಟವರಿಗೆ ಕೆಲವೇ ವಾರ ಬದುಕುವ ನೊಣ ಒದಗಿಬಂತು. 1970ರ ದಶಕದಲ್ಲಿ ನಾಸಾದ ಏಮ್ಸ್ ಕೇಂದ್ರದ ಹೈಮೆ ಮಿಕೆಲ್ ಮತ್ತು ಸಂಗಡಿಗರು ಹಣ್ಣುನೊಣಗಳಿಗೆ ವಿಟಮಿನ್ ಇ ತಿನ್ನಿಸಿ, ಸರಾಸರಿ ಆಯುಷ್ಯ ಹೆಚ್ಚಿತೆಂದು ವರದಿ ಮಾಡಿದರು.

ಕಥೆ ಇಲ್ಲಿಗೇ ಮುಗಿದಂತೆ ಹಲವರು ಬರೆಯುತ್ತಾರೆ. ಆದರೆ ನೊಣಗಳ ಮುಪ್ಪನ್ನು ಅಧ್ಯಯನ ಮಾಡಿದ ರಾಜಿಂದರ್ ಸೋಹಲ್ ಅವರ ಪ್ರಬಂಧಗಳನ್ನು ವರ್ಷವಾರು ಜೋಡಿಸಿ ಓದಿದಾಗ ಬೇರೆಯೇ ಚಿತ್ರ ಮೂಡಿತು. 1981ರಲ್ಲಿ ಅವರು ಮನೆನೊಣಗಳನ್ನು ಹಾರಲಾಗದಷ್ಟು ಇಕ್ಕಟ್ಟಿನ ಸೀಸೆಗಳಲ್ಲಿಟ್ಟರು. ಅವು ಹಾರಾಡುವ ನೊಣಗಳಿಗಿಂತ ಬಹಳ ಹೆಚ್ಚು ಕಾಲ ಬದುಕಿದವು. ಯಾವ ವಿಟಮಿನ್ನೂ ಇಲ್ಲದೆ! ಹಾಗೆಯೇ ವಿಟಮಿನ್ ಪ್ರಯೋಗಗಳಲ್ಲೂ ಮದ್ದು ಬೆರೆಸಿದ ಆಹಾರ ರುಚಿಸದೆ ನೊಣ ಕಡಿಮೆ ತಿಂದರೂ, ಮಂಕಾಗಿ ಕೂತರೂ ಆಯುಷ್ಯ ಹೆಚ್ಚಬಹುದು. ಹೆಸರು ಮಾತ್ರ ವಿಟಮಿನ್ನಿಗೆ ಬರುತ್ತದೆ. 1985ರಲ್ಲಿ ಅವರ ತಂಡ ಮನೆನೊಣಗಳಿಗೆ ವಿಟಮಿನ್ ಸಿ, ವಿಟಮಿನ್ ಇ, ಬೀಟಾ ಕ್ಯಾರೊಟಿನ್ ಕೊಟ್ಟಿತು. ಆಯುಷ್ಯ ಹೆಚ್ಚಲಿಲ್ಲ. ಹೊರಗಿನಿಂದ ಇಂಥ ಉತ್ಕರ್ಷಣ ನಿರೋಧಕ, ಅಂದರೆ ಮುಕ್ತ ರ‍್ಯಾಡಿಕಲ್‌ಗಳ ಹಾನಿ ತಡೆಯುವ ವಸ್ತು, ಬರುತ್ತಿದ್ದಂತೆ ನೊಣದ ದೇಹ ತನ್ನ ಸ್ವಂತ ರಕ್ಷಣೆಯನ್ನು ತಗ್ಗಿಸಿಕೊಂಡಿತ್ತು. ಇಡೀ ಹುಡುಕಾಟದಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸಿದ್ದು ಈ ಫಲಿತಾಂಶವೇ. ದೇಹ ತುಂಬಿಸಿದಷ್ಟೂ ತುಂಬಿಕೊಳ್ಳುವ ಕೊಡವಲ್ಲ.

ಮುಂದೆ 1994ರಲ್ಲಿ ವಿಲಿಯಂ ಓರ್ ಮತ್ತು ಸೋಹಲ್ ವಿಟಮಿನ್ ಬಿಟ್ಟು ಜೀನ್‌ಗಳನ್ನೇ ಹಿಡಿದರು. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಮತ್ತು ಕ್ಯಾಟಲೇಸ್ ಎಂಬ ಸ್ವಂತ ರಕ್ಷಣೆಯ ಕಿಣ್ವಗಳು ಹೆಚ್ಚಾಗಿ ತಯಾರಾಗುವಂತೆ ಮಾಡಿದಾಗ ಹಣ್ಣುನೊಣದ ಆಯುಷ್ಯ ಮೂರನೇ ಒಂದು ಪಾಲಿನಷ್ಟು ಏರಿತು. 'ಸೈನ್ಸ್' ಪತ್ರಿಕೆಯಲ್ಲಿ ಬಂದ ಆ ವರದಿ ಹೆಸರುವಾಸಿಯಾಯಿತು. ಆದರೆ ಅದೇ ಇಬ್ಬರು, ಇತರ ಸಹೋದ್ಯೋಗಿಗಳೊಡನೆ, 2003ರಲ್ಲಿ ಸಹಜವಾಗಿಯೇ ದೀರ್ಘಕಾಲ ಬಾಳುವ ತಳಿಯ ಮೇಲೆ ಈ ಪ್ರಯೋಗವನ್ನು ಮತ್ತೆ ಮಾಡಿದರು. ಆಯುಷ್ಯ ಏರಲಿಲ್ಲ, ಹಿಂದಿನ ಲಾಭ ಅಲ್ಪಾಯುಷಿ ತಳಿಗಳಿಗೆ ಸೀಮಿತವಾಗಿತ್ತು. ತಮ್ಮ ಹೆಸರುವಾಸಿ ಫಲಿತಾಂಶವನ್ನು ತಾವೇ ಒರೆಗೆ ಹಚ್ಚಿ ಪ್ರಕಟಿಸಿದ ಆ ಪ್ರಾಮಾಣಿಕತೆ ದೊಡ್ಡದು.

ಮುಪ್ಪು ತಡೆಯುವ ಮಾತ್ರೆಗೆ ಯಾರಾದರೂ ನೊಣದ ಪ್ರಯೋಗವನ್ನು ಸಾಕ್ಷಿಯಾಗಿ ತಂದರೆ, ಮದ್ದು ತಿನ್ನದ ನೊಣಗಳು ಎಷ್ಟು ದಿನ ಬದುಕಿದವೆಂದು ದಯವಿಟ್ಟು ಮೊದಲು ಕೇಳಿ.