ಮುಪ್ಪಿನಂಚಿನ ಮನ್ನಣೆ

ಫ್ರಾನ್ಸ್ ದೇಶದ ಚಿತ್ರಕಾರ ಪಾಲ್ ಸೆಜಾನನು 1839ರಲ್ಲಿ ಏಕ್ಸ್ ಪಟ್ಟಣದಲ್ಲಿ ಜನಿಸಿದನು. ಪ್ಯಾರಿಸಿನ ಸಲೋನೆಂಬ ಮಹಾಪ್ರದರ್ಶನದ ಪರೀಕ್ಷಕರು ಅವನ ಚಿತ್ರಗಳನ್ನು ಮೇಲಿಂದ ಮೇಲೆ ತಿರಸ್ಕರಿಸಿದರು. 1882ರಲ್ಲಿ ಒಮ್ಮೆ ಮಾತ್ರ ಒಂದಕ್ಕೆ ಎಡೆ ದೊರೆಯಿತು. 1877ರಲ್ಲಿ ಗೆಳೆಯರೊಡಗೂಡಿ ಪ್ರದರ್ಶಿಸಿದಾಗ ಲಭಿಸಿದುದು ಪರಿಹಾಸವೇ. ಆತನಾದರೋ ಹುಟ್ಟೂರನ್ನು ಆಶ್ರಯಿಸಿ ಮೌನವಾಗಿ ದುಡಿಯುತ್ತಿದ್ದನು.

1895ರ ನವೆಂಬರಿನಲ್ಲಿ ವೊಲ್ಲಾರನೆಂಬ ತರುಣ ವ್ಯಾಪಾರಿಯು ತನ್ನ ಚಿತ್ರಶಾಲೆಯಲ್ಲಿ ಸೆಜಾನನ ಕೃತಿಗಳನ್ನಷ್ಟೇ ತೂಗುಹಾಕಿದನು. ಕಲಾವಿದನಿಗಾಗ 56 ವರ್ಷ. ಅವನೊಬ್ಬನದೇ ಆದ ಪ್ರದರ್ಶನಗಳಲ್ಲಿ ಅದೇ ಮೊದಲನೆಯದು. ನಕ್ಕವರುಂಟು, ಆದರೆ ಸಮಾನಕಸುಬಿನವರು ಬೆಲೆಯರಿತರು. ದೆಗಾ, ರೆನ್ವಾ ಇಬ್ಬರೂ ಒಂದೇ ಜಲವರ್ಣಚಿತ್ರವನ್ನು ಬಯಸಲು, ಚೀಟಿಯೆತ್ತಿ ತೀರ್ಮಾನಿಸಬೇಕಾಯಿತು!

1906ರಲ್ಲಿ ಸೆಜಾನನು ಗತಿಸಿದನು. ಮರುವರ್ಷದ ಸ್ಮಾರಕಪ್ರದರ್ಶನವು ತರುಣ ಚಿತ್ರಕಾರರಿಗೆ ಪಾಠಶಾಲೆಯಾಯಿತು. ವೊಲ್ಲಾರನು ಇನ್ನೊಂದು 11 ವರ್ಷ ತಡೆದಿದ್ದರೆ, ಆ ಗೋಡೆಗಳ ಮೇಲಿನ ಗೌರವವನ್ನು ಕಲಾವಿದನು ಬದುಕಿ ಅರಿಯುತ್ತಿರಲಿಲ್ಲ.